ಇಪ್ಪತ್ತೆರಡನೇ ನಿಮಿಷಕ್ಕೆ ಸುಮ್ಮನಾಗುವ ಆ್ಯಂಪ್

ಕಳೆದ ಮಾರ್ಚ್‌ನ ಒಂದು ಶನಿವಾರ ಶಿರ್ತಾಡಿ ಪೇಟೆಯಿಂದ ನಮ್ಮ ಮನೆಯವರೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತುಕೊಂಡು ಬಂದೆ. ಕೊರಿಯರ್‌ನವರು ನಮ್ಮ ಮನೆಯವರೆಗೆ ಬರುವುದಿಲ್ಲ. ಪೇಟೆಯಲ್ಲಿ ನಿಂತು ಫೋನ್ ಮಾಡುತ್ತಾರೆ, ನಾವೇ ಹೋಗಿ ತರಬೇಕು. ದಾರಿಯಲ್ಲಿ ಸಿಕ್ಕಿದವರೆಲ್ಲ "ಎಂತದು ಮಾರಾಯ, ಟಿ.ವಿ.ಯಾ?" ಎಂದು ಕೇಳಿದರು. "ಅಲ್ಲ, ಗಿಟಾರಿನ ಆ್ಯಂಪ್" ಎಂದೆ. ಹಾಗೆಂದರೆ ಏನು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಆ ಬಿಸಿಲಲ್ಲೂ ನಿಂತು ವಿವರಿಸುವಷ್ಟು ಖುಷಿಯಲ್ಲಿದ್ದೆ.

ಬೆಲೆ 12,400 ರೂಪಾಯಿ. ಅದರಲ್ಲಿ ಎಂಟು ಸಾವಿರ ನನ್ನ ಸಂಪಾದನೆ. ಎರಡು ವರ್ಷದಿಂದ ರಜೆಯಲ್ಲಿ ಊರಿನ ಒಬ್ಬ ಧ್ವನಿ-ಬೆಳಕಿನ ಅಣ್ಣನ ಜೊತೆ ಜಾತ್ರೆ, ಮದುವೆ, ಯಕ್ಷಗಾನ ಎಂದು ವಯರ್ ಎಳೆಯಲು ಹೋಗುತ್ತೇನೆ. ರಾತ್ರಿಯಿಡೀ ನಿದ್ದೆಗೆಟ್ಟು ಮಿಕ್ಸರ್ ಪಕ್ಕ ಕುಳಿತು ಕೂಡಿಟ್ಟ ದುಡ್ಡು ಅದು. ಉಳಿದದ್ದು ಅಮ್ಮನ ಬೀಡಿ ಬೋನಸ್. "ನಿನ್ನ ಗಿಟಾರ್ ಸಣ್ಣಗೆ ಕೇಳ್ತದೆ, ಅಡುಗೆಮನೆಗೆ ಕೇಳುದೇ ಇಲ್ಲ" ಎಂದು ಹೇಳಿಕೊಂಡೇ ಅವರು ಆ ದುಡ್ಡು ಕೊಟ್ಟಿದ್ದರು.

ಗೊತ್ತಿಲ್ಲದವರಿಗೆ ಒಂದು ಮಾತು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಭಾಗ ಇರುತ್ತದೆ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಬಹಳ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹಳೆಯ ಆ್ಯಂಪ್‌ಗಳು ಅಜ್ಜನ ಕಾಲದ ರೇಡಿಯೋದಲ್ಲಿದ್ದಂಥ ವಾಲ್ವ್‌ಗಳಿಂದ ಅದನ್ನು ದೊಡ್ಡದು ಮಾಡುತ್ತಿದ್ದವು. ಡಿಜಿಟಲ್ ಆ್ಯಂಪ್ ಹಾಗಲ್ಲ. ಅದು ಸೆಕೆಂಡಿಗೆ 44,100 ಸಲ ಅಥವಾ ಅದಕ್ಕಿಂತ ಹೆಚ್ಚು ಸಲ ಆ ವೋಲ್ಟೇಜನ್ನು ಅಳೆದು ಅಂಕಿಗಳಾಗಿ ಬದಲಿಸುತ್ತದೆ. ಒಳಗಿನ ಚಿಪ್ ಆ ಅಂಕಿಗಳ ಮೇಲೆ ಲೆಕ್ಕ ಮಾಡಿ ಯಾವ ಹಳೆಯ ಆ್ಯಂಪಿನ ದನಿ ಬೇಕೋ ಅದನ್ನು ಅನುಕರಿಸುತ್ತದೆ. ಅಮೆರಿಕದ ಲೈನ್ 6 ಕಂಪನಿ 1996ರಲ್ಲಿ ‘ಆಕ್ಸಿಸ್ 212’ ಎಂಬ ಆ್ಯಂಪಿನಲ್ಲಿ ಈ ಉಪಾಯವನ್ನು ಮಾರುಕಟ್ಟೆಗೆ ತಂದಿತ್ತು. ಆಗ ಅದು ದೊಡ್ಡವರ ಆಟಿಕೆ. ಈಗ ನಮ್ಮಂಥವರ ಕೈಗೂ ಎಟುಕುವ ಬೆಲೆಗೆ ಇಳಿದಿದೆ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಶನ್, ಆರನೇ ಸೆಮಿಸ್ಟರ್. ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಎಂದು ಪುಸ್ತಕದಲ್ಲಿ ಓದಿದ್ದು ಮನೆಯಲ್ಲಿ ಹಾಡುವುದನ್ನು ಕೇಳುವ ಆಸೆಯೂ ಈ ಖರೀದಿಯ ಹಿಂದೆ ಇತ್ತು.

ಅದು ಹಾಡಿತು. ಸರಿಯಾಗಿ ಇಪ್ಪತ್ತು ಚಿಲ್ಲರೆ ನಿಮಿಷ. ಮತ್ತೆ ದೀಪ ಉರಿಯುತ್ತಲೇ ಇತ್ತು, ಶಬ್ದ ಮಾತ್ರ ಇಲ್ಲ. ಅದರ ಜೊತೆಗೆ ಮೊದಲಿನಿಂದಲೂ ‘ಗುಂಯ್’ ಎಂಬ ಒಂದು ಸದ್ದು ಹಿನ್ನೆಲೆಯಲ್ಲಿ ಇದ್ದೇ ಇತ್ತು. ಮೀನಿನ ಬುಟ್ಟಿಯ ಮೇಲೆ ನೊಣ ಕೂತ ಹಾಗೆ.

ಈಗ ನಾನು ಹೇಳಬೇಕಾದ್ದು ಇಲ್ಲಿಂದ ಶುರು. ಹೊಸ ವಸ್ತು ಕೆಟ್ಟರೆ ನಮ್ಮಂಥವರಿಗೆ ಮೊದಲು ಸಂಶಯ ಬರುವುದು ನಮ್ಮ ಮೇಲೆಯೇ. "ನಾನೇ ಏನೋ ತಪ್ಪು ಮಾಡಿರಬೇಕು" ಎಂದುಕೊಂಡೆ. ಕೇಬಲ್ ಹಳತು, ಗಿಟಾರ್ ಸೆಕೆಂಡ್ ಹ್ಯಾಂಡ್, ನಮ್ಮ ಮನೆಯ ಕರೆಂಟಿನ ಅವಸ್ಥೆ ಹೇಳುವುದೇ ಬೇಡ. ಅಷ್ಟು ದೊಡ್ಡ ಕಂಪನಿ ತಪ್ಪು ಮಾಡುತ್ತದೆಯೇ, ಹಳ್ಳಿಮನೆಯಲ್ಲಿ ಕುಳಿತ ನಾನು ತಪ್ಪು ಮಾಡುತ್ತೇನೆಯೇ? ಅದಕ್ಕೆ ಸರಿಯಾಗಿ ಆ ವಾರ ಇಂಟರ್ನಲ್ಸ್ ಇತ್ತು. ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿ ಓದಲು ಕುಳಿತೆ. ಪರೀಕ್ಷೆ ಮುಗಿದು ಮತ್ತೆ ಹೊರತೆಗೆಯುವಾಗ ಒಂಬತ್ತನೇ ದಿನ. ಬದಲಾಯಿಸಿಕೊಳ್ಳುವ ಅವಕಾಶ ಇದ್ದದ್ದು ಏಳು ದಿನ ಮಾತ್ರ.

ಮೂಡುಬಿದಿರೆಯ ಗೆಳೆಯನ ಮನೆಗೆ ಆ್ಯಂಪನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿಯುವ ಯೋಚನೆಯಲ್ಲಿದ್ದ. ಗೆಳೆಯ ಚರ್ಚ್ ಕಾಯರ್‌ನಲ್ಲಿ ಗಿಟಾರ್ ನುಡಿಸುವವನು, ಅವನ ಬಳಿ ಒಳ್ಳೆಯ ಕೇಬಲ್ ಇದೆ. ಅಲ್ಲಿ ‘ಗುಂಯ್’ ಸದ್ದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ! ಹಾಗಾದರೆ ಎಲ್ಲ ತಪ್ಪೂ ನಮ್ಮ ಮನೆಯದೇ ಎಂದು ನಾಚಿಕೆಯಾಯಿತು. ಅಷ್ಟರಲ್ಲಿ ಇಪ್ಪತ್ತೆರಡು ನಿಮಿಷ ಆಗಿತ್ತು. ಆ್ಯಂಪ್ ಮತ್ತೆ ಸುಮ್ಮನಾಯಿತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಹಿಂದಿ ಅಥವಾ ಇಂಗ್ಲಿಷ್ ಒತ್ತಿ ಎಂದರು, ಇಂಗ್ಲಿಷ್ ಒತ್ತಿದೆ. ಮೊದಲ ಸಲ ಮಾತಾಡಿದವರು ಫ್ಯಾಕ್ಟರಿ ರಿಸೆಟ್ ಮಾಡಿ ಎಂದರು. ಎರಡನೆಯವರು ಫರ್ಮ್‌ವೇರ್ ಅಪ್‌ಡೇಟ್ ಮಾಡಿ ಎಂದರು. ಎರಡೂ ಮಾಡಿದೆ. ಮೂರನೆಯವರು "ನಿಮ್ಮ ಏರಿಯಾದಲ್ಲಿ ಪವರ್ ಪ್ರಾಬ್ಲಮ್ ಇರಬಹುದು ಸರ್" ಎಂದರು. ಶಿರ್ತಾಡಿ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಅಲ್ಲಿ ಕರೆಂಟ್ ಸರಿ ಇಲ್ಲ ಎಂದು ಮಾತ್ರ ಗೊತ್ತಿತ್ತು. ನಾಲ್ಕನೆಯ ಸಲ ಫೋನ್ ಮಾಡುವ ಮೊದಲೇ ಮೆಸೇಜ್ ಬಂತು: ನಿಮ್ಮ ದೂರನ್ನು ಪರಿಹರಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡುತ್ತೀರಿ?

ಆ ರಾತ್ರಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗೋಳು ತೋಡಿಕೊಂಡೆ. ಒಬ್ಬ ಬುದ್ಧಿವಂತ ಉತ್ತರ ಕೊಟ್ಟ. "ಇಪ್ಪತ್ತು ನಿಮಿಷ ಸರಿ ಇರ್ತದಲ್ಲ? ಹತ್ತು ನಿಮಿಷದಲ್ಲಿ ತೋರಿಸಿ ಮಾರಿಬಿಡು." ಎಲ್ಲರೂ ನಗುವ ಇಮೋಜಿ ಹಾಕಿದರು. ನಾನೂ ಹಾಕಿದೆ. ಆದರೆ ಮರುದಿನ ನಿಜವಾಗಿಯೂ ‘ಹೊಚ್ಚ ಹೊಸ ಆ್ಯಂಪ್, ಬಿಲ್ ಸಮೇತ, 9,500’ ಎಂದು ಸ್ಟೇಟಸ್ ಹಾಕಿದೆ. ಸುಳ್ಳು ಹೇಳುವುದಿಲ್ಲ, ಕೈ ನಡುಗಲೂ ಇಲ್ಲ.

ಸೆಕೆಂಡ್ ಇಯರ್‌ನ ಒಬ್ಬ ಹುಡುಗ ವೇಣೂರು ಕಡೆಯಿಂದ ನೋಡಲು ಬಂದ. ಸ್ಕಾಲರ್‌ಶಿಪ್ ದುಡ್ಡು ಬಂದಿದೆ ಅಣ್ಣ, ಈಗಲೇ ಫೋನ್‌ಪೇ ಮಾಡಲಾ ಎಂದ. ಐದು ನಿಮಿಷ ನುಡಿಸಿದ. ಕಣ್ಣು ಅರಳಿತ್ತು. ಅಮ್ಮ ಒಳಗಿಂದ ಅವನಿಗೆ ಕಾಫಿ ತಂದುಕೊಟ್ಟರು, ಮನೆ ಎಲ್ಲಿ, ಅಪ್ಪ ಎಂತ ಮಾಡುದು ಎಂದೆಲ್ಲ ಕೇಳಿದರು. ಅವನ ಅಮ್ಮನೂ ಬೀಡಿ ಕಟ್ಟುತ್ತಾರಂತೆ. ಅಮ್ಮ ಅದನ್ನು ಕೇಳಿ ನನ್ನ ಮುಖ ನೋಡಿದರೋ ಇಲ್ಲವೋ, ನನಗಂತೂ ನೋಡಿದ ಹಾಗೆ ಆಯಿತು. "ಇನ್ನೊಂದು ಹದಿನೈದು ನಿಮಿಷ ನುಡಿಸು, ಮತ್ತೆ ಹೇಳ್ತೇನೆ" ಎಂದೆ. ಇಬ್ಬರೂ ಕಾದೆವು. ಅದು ನಿಂತಿತು. ಅವನು ಒಂದು ಕ್ಷಣ ತಾನೇ ಏನೋ ಒತ್ತಿ ಹಾಳು ಮಾಡಿದೆ ಎಂದು ಹೆದರಿಬಿಟ್ಟ! ನಾನು ಮೊದಲ ದಿನ ಹೆದರಿದ ಹಾಗೆಯೇ. ವಿಷಯ ಹೇಳಿದಾಗ ಬೈಯುತ್ತಾನೆ ಎಂದುಕೊಂಡಿದ್ದೆ, ಅವನು "ಅಣ್ಣ, ಪ್ರತಿ ಸಲವೂ ಇಪ್ಪತ್ತೆರಡೇ ನಿಮಿಷವಾ?" ಎಂದು ಕೇಳಿದ.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ನಾನು ಒಂದು ಸಲವೂ ಗಡಿಯಾರ ನೋಡಿ ಬರೆದಿಟ್ಟಿರಲಿಲ್ಲ.

ಸಂಜೆ ಧ್ವನಿ-ಬೆಳಕಿನ ಅಣ್ಣನ ಶೆಡ್ಡಿಗೆ ಹೋದೆ. ಅವರು ಓದಿದ್ದು ಹತ್ತನೇ ತರಗತಿ. ಆದರೆ ಆಟ ಶುರುವಾಗಲು ಹತ್ತು ನಿಮಿಷ ಇರುವಾಗ ಭಾಗವತರ ಮೈಕ್ ಕೈಕೊಟ್ಟರೆ ಎರಡು ನಿಮಿಷದಲ್ಲಿ ಎಲ್ಲಿ ತಪ್ಪಿದೆ ಎಂದು ಹಿಡಿಯುವವರು. ನಾನು ಸ್ಕ್ರೂಡ್ರೈವರ್ ಕೇಳಿದೆ. ಅವರು ಕೊಡಲಿಲ್ಲ. ಹಿಂಬದಿಯ ಸ್ಕ್ರೂ ಮೇಲಿದ್ದ ಸಣ್ಣ ಸ್ಟಿಕ್ಕರ್ ತೋರಿಸಿ "ಇದು ಹರಿದ್ರೆ ನಿನ್ನ ವಾರಂಟಿ ಹರಿದ ಹಾಗೆ. ತೆರೆಯದೆಯೇ ಕಂಡುಹಿಡಿಯುವ. ಒಂದು ಸಲಕ್ಕೆ ಒಂದೇ ಬದಲಿಸು. ಎರಡು ಬದಲಿಸಿದ್ರೆ ಯಾವುದರಿಂದ ಸರಿಯಾಯ್ತು ಅಂತ ದೇವರಿಗೂ ಗೊತ್ತಾಗುದಿಲ್ಲ" ಎಂದರು.

ನಮ್ಮ ಲ್ಯಾಬ್‌ಗಳ ಬಗ್ಗೆ ಇಲ್ಲಿ ಒಂದು ಸತ್ಯ ಹೇಳಿಬಿಡುತ್ತೇನೆ, ಲೆಕ್ಚರರ್‌ಗಳು ಕ್ಷಮಿಸಬೇಕು. ಆರ್‌ಸಿ ಕಪಲ್ಡ್ ಆ್ಯಂಪ್ಲಿಫೈಯರ್ ಪ್ರಯೋಗ ಮಾಡುವಾಗ ಗ್ರಾಫ್ ಪುಸ್ತಕದಲ್ಲಿರುವ ಹಾಗೆ ಬರದಿದ್ದರೆ ನಾವು ಏನು ಮಾಡುತ್ತೇವೆ? ಸೀನಿಯರ್‌ನ ರೆಕಾರ್ಡ್ ನೋಡಿ ರೀಡಿಂಗ್ ತಿದ್ದುತ್ತೇವೆ. ನೀವೂ ಮಾಡಿದ್ದೀರಿ, ನನಗೆ ಗೊತ್ತು. ಲ್ಯಾಬಿನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ರೀಡಿಂಗ್ ಎಂಬುದು ಅದರ ಅಲಂಕಾರ. ಮೂರು ವರ್ಷ ಹೀಗೆ ಅಂಕ ಪಡೆದ ಮೇಲೆ, ಉತ್ತರ ಯಾರಿಗೂ ಗೊತ್ತಿಲ್ಲದ ಒಂದು ಪೆಟ್ಟಿಗೆ ಎದುರು ಕುಳಿತಾಗ ಕೈಕಾಲು ಆಡುವುದಿಲ್ಲ. ಯಾವ ಸೀನಿಯರ್‌ನ ರೆಕಾರ್ಡೂ ಇಲ್ಲ. ತಿದ್ದಿದರೆ ಮೋಸ ಹೋಗುವವನು ನಾನೇ.

ಹೊಸ ನೋಟ್‌ಬುಕ್ ತೆಗೆದುಕೊಂಡೆ. ವೇಣೂರಿನ ಹುಡುಗ ಆಸೆಯಿಂದ ಎರಡು ಭಾನುವಾರ ಬಂದು ಗಡಿಯಾರ ನೋಡಿದ. ನನ್ನ ಬೆರಳು ಪ್ರತಿ ಸಲ ಒಂದೇ ಥರ ನುಡಿಸುವುದಿಲ್ಲ ಎಂದು ಗಿಟಾರನ್ನು ಬದಿಗಿಟ್ಟು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಒಂದೇ ತುಣುಕನ್ನು ಕಡಿಮೆ ವಾಲ್ಯೂಮ್‌ನಲ್ಲಿ ಆ್ಯಂಪಿನ ಇನ್‌ಪುಟ್‌ಗೆ ಕೊಟ್ಟು ಮತ್ತೆ ಮತ್ತೆ ನುಡಿಸಿದೆವು. ಆ್ಯಂಪಿನ ವಾಲ್ಯೂಮ್ ಅರ್ಧಕ್ಕಿಟ್ಟರೆ 22, 21, 24, 22 ನಿಮಿಷ. ಕಾಲು ಭಾಗಕ್ಕಿಟ್ಟರೆ 41. ಮಧ್ಯಾಹ್ನ ಎರಡು ಗಂಟೆಯ ಸೆಕೆಯಲ್ಲಿ 19, ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ 27. ನಿಂತ ಮೇಲೆ ಏನೂ ಮುಟ್ಟದೆ ಆರೇಳು ನಿಮಿಷ ಬಿಟ್ಟರೆ ತಾನಾಗಿಯೇ ಮತ್ತೆ ಹಾಡುತ್ತದೆ. ಕೊನೆಗೆ ಅಮ್ಮನ ಟೇಬಲ್ ಫ್ಯಾನನ್ನು ಆ್ಯಂಪಿನ ಬೆನ್ನಿಗೆ ತಿರುಗಿಸಿ ಇಟ್ಟೆವು. ತೊಂಬತ್ತು ನಿಮಿಷ ನಿಲ್ಲಲೇ ಇಲ್ಲ. ಬೀಡಿ ಕಟ್ಟುವಾಗ ಬೆವರು ಒರೆಸಿಕೊಳ್ಳುತ್ತಾ ಅಮ್ಮ "ಅದಕ್ಕೆ ಫ್ಯಾನ್ ಬೇಕಾ, ನನಗೆ ಬೇಡವಾ" ಎಂದರು.

ಅಂದರೆ ಇದು ಬಿಸಿಯ ತೊಂದರೆ. ಆದರೆ ಎಲ್ಲಿ? ಇಂಥ ಆ್ಯಂಪಿನ ಒಳಗೆ ಎರಡು ಮುಖ್ಯ ಭಾಗ. ಒಂದು, ಲೆಕ್ಕ ಮಾಡುವ ಡಿಜಿಟಲ್ ಭಾಗ. ಇನ್ನೊಂದು, ಆ ಫಲಿತಾಂಶವನ್ನು ಸ್ಪೀಕರ್ ಅಲುಗಾಡಿಸುವಷ್ಟು ಬಲಪಡಿಸುವ ಪವರ್ ಭಾಗ. ನನ್ನ ಆ್ಯಂಪಿಗೆ ಹೆಡ್‌ಫೋನ್ ಕಿಂಡಿಯೂ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುವ ಸೌಲಭ್ಯವೂ ಇದೆ. ಸ್ಪೀಕರ್ ನಿಂತ ಕೂಡಲೇ ಹೆಡ್‌ಫೋನ್ ಹಾಕಿದೆ. ಗಿಟಾರ್ ಸ್ಪಷ್ಟವಾಗಿ ಕೇಳುತ್ತಿತ್ತು! ಲ್ಯಾಪ್‌ಟಾಪಿನ ರೆಕಾರ್ಡಿಂಗ್‌ನಲ್ಲೂ ಸ್ಪೀಕರ್ ಸುಮ್ಮನಾದ ಹೊತ್ತಿನಲ್ಲಿ ಅಲೆ ಒಂದಿಷ್ಟೂ ಮುರಿದಿರಲಿಲ್ಲ. ಡಿಜಿಟಲ್ ಭಾಗ ಆರೋಗ್ಯವಾಗಿದೆ. ಹಾಗಾದರೆ ಫ್ಯಾಕ್ಟರಿ ರಿಸೆಟ್ಟೂ ಫರ್ಮ್‌ವೇರ್ ಅಪ್‌ಡೇಟೂ ಕಾಲು ನೋವಿಗೆ ಕಣ್ಣಿಗೆ ಔಷಧಿ ಹಾಕಿದ ಹಾಗೆ. ಪವರ್ ಚಿಪ್ ಅತಿಯಾಗಿ ಬಿಸಿಯಾದಾಗ ಸುಟ್ಟುಹೋಗದಿರಲೆಂದು ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ಏರ್ಪಾಡು ಇರುತ್ತದೆ. ಅರ್ಧ ವಾಲ್ಯೂಮಿನಲ್ಲೇ ಅದು ಅಷ್ಟು ಬಿಸಿಯಾಗುವುದು ಮಾತ್ರ ಸರಿಯಲ್ಲ. ಅದನ್ನು ಕಂಡುಹಿಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ವರ್ಷದಲ್ಲಿ ಯಾವ ಲ್ಯಾಬೂ ಕೊಡದ ಖುಷಿ ಅದು.

‘ಗುಂಯ್’ ಸದ್ದಿನ ಕಥೆ ಬೇರೆ. ಅಣ್ಣನ ಮಲ್ಟಿಮೀಟರ್ ತಂದು ನಮ್ಮ ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದೆ. ಹದಿನಾಲ್ಕು ವೋಲ್ಟ್. ಗೆಳೆಯನ ಮನೆಯಲ್ಲಿ ಎರಡೂ ಇರಲಿಲ್ಲ. ಮನೆ ಹಿಂದೆ ಹೋಗಿ ನೋಡಿದರೆ ಅರ್ಥಿಂಗ್ ಪೈಪಿನ ಬೋಲ್ಟ್ ತುಕ್ಕು ಹಿಡಿದು ತಂತಿ ಜೋಲಾಡುತ್ತಿತ್ತು. ಮುರಕಲ್ಲಿನ ನೆಲ, ಮಾರ್ಚ್ ತಿಂಗಳ ಬಿಸಿಲಿಗೆ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಊರಿನ ಎಲೆಕ್ಟ್ರಿಶಿಯನ್ ಬಂದು ಹೊಸ ಬೋಲ್ಟ್ ಹಾಕಿ, ಇದ್ದಿಲು ಉಪ್ಪು ತುಂಬಿ, ನೀರು ಹೊಯ್ದ ಮೇಲೆ ಸದ್ದು ಮಾಯ. ಆ ತಪ್ಪು ಪೂರ್ತಿ ನಮ್ಮದೇ.

ಇಲ್ಲಿ ಒಂದು ಎಚ್ಚರಿಕೆ. ಈ ಸದ್ದು ಹೋಗಲಿ ಎಂದು ಕೆಲವು ಸಂಗೀತದ ಹುಡುಗರು ಪ್ಲಗ್ಗಿನ ದಪ್ಪ ಅರ್ಥ್ ಪಿನ್ನನ್ನೇ ಕಿತ್ತು ಹಾಕುತ್ತಾರೆ. ಗೆಳೆಯನೊಬ್ಬ ನನಗೂ ಅದೇ ಉಪಾಯ ಹೇಳಿದ್ದ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ವೇದಿಕೆಯ ಮೇಲೆಯೇ ಸರಿಯಾಗಿ ಅರ್ಥ್ ಆಗಿರದ ಮೈಕ್ ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು. ಒಂದು ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ ಇರುವವರಿಗೆ ಅರ್ಥಿಂಗ್ ಎಂಬುದು ಸದ್ದಿನ ಪ್ರಶ್ನೆ ಅಲ್ಲ.

ಈಗ ದೂರು ಬರೆಯಬೇಕು. ಈ ‘ಗುಂಯ್’ ವಿಷಯ ಬರೆಯಬೇಕೋ ಬೇಡವೋ? ಬರೆದರೆ "ನೋಡಿ, ನಿಮ್ಮ ಮನೆಯ ಕರೆಂಟೇ ಸರಿ ಇಲ್ಲ" ಎಂದು ಹೇಳಲು ಅವರ ಕೈಗೆ ಕೋಲು ಕೊಟ್ಟ ಹಾಗೆ. ಬಿಟ್ಟುಬಿಡು ಎಂದೇ ಗೆಳೆಯರು ಹೇಳಿದರು. ನಾನು ಎರಡು ದಿನ ಯೋಚಿಸಿ ಬರೆದೆ. ಮೊದಲ ಸಲ ಎರಡು ತೊಂದರೆ ಹೇಳಿದ್ದೆ, ಅದರಲ್ಲಿ ಒಂದು ನಮ್ಮ ಮನೆಯ ಅರ್ಥಿಂಗ್‌ನಿಂದ ಬಂದದ್ದು, ಅದನ್ನು ಸರಿಪಡಿಸಿದ್ದೇನೆ, ಸರಿಪಡಿಸಿದ ಮೇಲೂ ಬೇರೆ ಮನೆಯಲ್ಲೂ ಎರಡನೇ ತೊಂದರೆ ಹಾಗೆಯೇ ಇದೆ ಎಂದು. ಆಮೇಲೆ ರೀಡಿಂಗ್‌ಗಳ ಪಟ್ಟಿ, ರೆಕಾರ್ಡಿಂಗ್, ಗಡಿಯಾರ ಕಾಣುವ ಹಾಗೆ ತೆಗೆದ ವಿಡಿಯೋ, ಬಿಲ್ಲು, ಹಿಂದಿನ ಮೂರು ದೂರುಗಳ ನಂಬರ್.

ಕಾನೂನು ಓದಿದ್ದೂ ಆಗಲೇ. ಗ್ರಾಹಕ ಸಂರಕ್ಷಣಾ ಕಾಯ್ದೆ ಎಂದರೆ ವಕೀಲರ ವಿಷಯ ಎಂದುಕೊಂಡಿದ್ದೆ. ಅದು ಮೊದಲು ಬಂದದ್ದು 1986ರಲ್ಲಿ, ಈಗಿರುವುದು 2019ರ ಹೊಸ ಕಾಯ್ದೆ, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಆನ್‌ಲೈನಿನಲ್ಲಿ ಕೊಂಡವರೂ ಅದರ ಪ್ರಕಾರ ಗ್ರಾಹಕರೇ. ಅದೇ ತಿಂಗಳು ಬಂದ ಇ-ಕಾಮರ್ಸ್ ನಿಯಮಗಳಲ್ಲಿ ನನಗೆ ಬೇಕಾದ ಎರಡು ಮಾತು ಸಿಕ್ಕವು. ಒಂದು, ದೂರು ಪರಿಹಾರ ಅಧಿಕಾರಿ ಎಂಬವರು ಇರಲೇಬೇಕು, ಅವರು 48 ಗಂಟೆಯೊಳಗೆ ದೂರು ತಲುಪಿತು ಎಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಎರಡು, ದೋಷವಿರುವ ವಸ್ತುವನ್ನು ಹಿಂದೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಏಳು ದಿನ ಕಳೆಯಿತು ಎಂದು ನಾನು ಕೈಚೆಲ್ಲಿ ಕುಳಿತಿದ್ದೆನಲ್ಲ! ಮನಸ್ಸು ಬದಲಾಯಿತು, ಬಣ್ಣ ಹಿಡಿಸಲಿಲ್ಲ ಎಂದು ಹಿಂತಿರುಗಿಸಲು ಅವರು ಕೊಡುವ ದಿನಗಳೇ ಬೇರೆ, ವಸ್ತುವಿನಲ್ಲೇ ದೋಷ ಇದ್ದಾಗ ನಮಗಿರುವ ಹಕ್ಕೇ ಬೇರೆ. ಫೋನಿನಲ್ಲಿ ಮಾತಾಡಿದ ಮೂವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಲ್ಲಿಗೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಕಂಪನಿಯ ಕಚೇರಿ ಯಾವ ಊರಿನಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು 2019ರ ಕಾಯ್ದೆಯ ದೊಡ್ಡ ಅನುಕೂಲ. ನಮಗೆ ಅಂದರೆ ಮಂಗಳೂರು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದಿಲ್ಲ, ತೊಂದರೆ ಕಂಡುಬಂದ ಎರಡು ವರ್ಷದೊಳಗೆ ಕೊಟ್ಟರೆ ಸಾಕು. ಗಿಟಾರ್ ನುಡಿಸಿ ಅಲ್ಪಸ್ವಲ್ಪ ದುಡಿಯುವ ಗೆಳೆಯರು ಕೇಳುತ್ತಾರೆ, ವ್ಯಾಪಾರಕ್ಕೆ ಕೊಂಡದ್ದಕ್ಕೆ ಈ ಕಾಯ್ದೆ ಇಲ್ಲವಲ್ಲ ಎಂದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆಂದೇ ಕೊಂಡು ತಾನೇ ಬಳಸುವ ವಸ್ತು ವ್ಯಾಪಾರದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದೆ. ಹೊಲಿಗೆ ಯಂತ್ರ ಕೊಂಡವರಿಗೂ, ಲ್ಯಾಪ್‌ಟಾಪ್ ಕೊಂಡು ಡಿಟಿಪಿ ಮಾಡುವವರಿಗೂ ಇದು ಅನ್ವಯ.

ಆಯೋಗದವರೆಗೆ ಹೋಗುವ ಮೊದಲು 1915 ಎಂಬ ನಂಬರ್ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವವರಲ್ಲ, ನಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುವವರು. ಅಷ್ಟೇ ಆದರೂ ಫೋನಿನ ಆಚೆಯಿಂದ "ಹೇಳಿ, ಏನು ತೊಂದರೆ?" ಎಂದು ಕನ್ನಡದಲ್ಲಿ ಕೇಳಿದಾಗ ನನ್ನ ದನಿ ಒಂದು ಕ್ಷಣ ಕಟ್ಟಿತು ಎಂದರೆ ನಗಬೇಡಿ.

ನಮ್ಮ ಕರಾವಳಿಯಲ್ಲಿ ಇದೇನೂ ಹೊಸ ವಿಷಯವಲ್ಲ. ಕುಂದಾಪುರದ ಹತ್ತಿರದ ಬಸ್ರೂರಿನಂಥ ಹಳ್ಳಿಯಲ್ಲಿ ಬಳಕೆದಾರರ ವೇದಿಕೆ ಹುಟ್ಟಿ, ಡಾ. ರವೀಂದ್ರನಾಥ ಶಾನುಭಾಗರಂಥವರು ಜನಸಾಮಾನ್ಯರ ಪರವಾಗಿ ದೊಡ್ಡ ದೊಡ್ಡವರ ಎದುರು ನಿಂತದ್ದನ್ನು ಹಿರಿಯರು ಈಗಲೂ ಹೇಳುತ್ತಾರೆ. ಪೋಸ್ಟ್ ಕಾರ್ಡ್, ಟೈಪ್‌ರೈಟರ್ ಕಾಲದಲ್ಲಿ ಅವರು ಅಷ್ಟು ಮಾಡಿದರು. ಕೈಯಲ್ಲಿ ಮೊಬೈಲ್ ಇರುವ ನಾವು ಒಂದು ಸ್ಟಾರ್ ಕೊಟ್ಟು, ಇನ್‌ಸ್ಟಾಗ್ರಾಂನಲ್ಲಿ ಒಂದು ಸ್ಟೋರಿ ಹಾಕಿ ಸಿಟ್ಟು ಇಳಿಸಿಕೊಂಡು ಮಲಗುತ್ತೇವೆ. ನನ್ನ ತರಗತಿಯಲ್ಲೇ ಕೇಳಿ ನೋಡಿದೆ. ಒಬ್ಬನ ಇಯರ್‌ಬಡ್ಸ್ ಎರಡನೇ ವಾರಕ್ಕೆ ಹಾಳು, ಒಬ್ಬಳ ಲ್ಯಾಪ್‌ಟಾಪಿನ ಕೀಲಿ ಮೂರು ತಿಂಗಳಿಂದ ಒತ್ತುವುದಿಲ್ಲ, ಇನ್ನೊಬ್ಬನ ಪವರ್ ಬ್ಯಾಂಕ್ ಉಬ್ಬಿದೆ. ಯಾರೂ ಲಿಖಿತ ದೂರು ಕೊಟ್ಟಿಲ್ಲ. "ಯಾರಿಗೆ ಬೇಕು ಮಾರಾಯ ಆ ರಗಳೆ" ಎನ್ನುತ್ತಾರೆ. ಮೂರು ಸಲ ಫೋನ್ ಮಾಡಿಸಿ ಸುಸ್ತು ಮಾಡಿದರೆ ನಾಲ್ಕನೇ ಸಲ ನಾವು ಮಾಡುವುದಿಲ್ಲ ಎಂಬುದು ನಮಗಿಂತ ಚೆನ್ನಾಗಿ ಮಾರುವವರಿಗೆ ಗೊತ್ತು. ನಮ್ಮ ಸುಸ್ತು ಅವರಿಗೆ ಉಳಿತಾಯ. ಅದಕ್ಕಿಂತ ನನಗೆ ಕಾಡುವುದು, ದೂರು ಕೊಡುವುದೆಂದರೆ ಜಗಳಗಂಟತನ ಎಂಬ ನಮ್ಮ ಭಾವನೆ. ಅಂಗಡಿಯಲ್ಲಿ ಕೊಳೆತ ಟೊಮೆಟೊ ಸಿಕ್ಕರೆ ಅಮ್ಮ ಅಲ್ಲೇ ತಿರುಗಿ ಕೊಡುತ್ತಾರೆ, ಅವರಿಗೆ ನಾಚಿಕೆ ಇಲ್ಲ. ನಾಚಿಕೆ ಎಲ್ಲ ಓದಿದ ನಮಗೆ.

ಫೋನಿನಲ್ಲಿ ಮಾತಾಡಿದ ಆ ಮೂವರ ಮೇಲೆ ಈಗ ಸಿಟ್ಟಿಲ್ಲ. ಅವರೂ ನನ್ನ ವಯಸ್ಸಿನವರೇ ಇರಬೇಕು, ಬಹುಶಃ ಒಬ್ಬರಾದರೂ ಎಂಜಿನಿಯರಿಂಗ್ ಮುಗಿಸಿ ಬೇರೆ ಕೆಲಸ ಸಿಗದೆ ಅಲ್ಲಿ ಕುಳಿತವರು. ಅವರ ಎದುರಿಗೆ ಓದಿ ಹೇಳಬೇಕಾದ ಒಂದು ಹಾಳೆ ಇರುತ್ತದೆ. "ಸೌಂಡ್ ಬರ್ತಾ ಇಲ್ಲ" ಎಂದು ನಾನು ಹೇಳಿದರೆ ಆ ಹಾಳೆಯಲ್ಲಿ ರಿಸೆಟ್ ಎಂದೇ ಬರೆದಿರುತ್ತದೆ. ಹಾಳೆಯಲ್ಲಿ ಇಲ್ಲದ ಮಾತು ನಾನು ಹೇಳಿದಾಗ ಮಾತ್ರ ದೂರು ಮೇಲಿನವರ ಮೇಜಿಗೆ ಹೋಗುತ್ತದೆ.

ಹಾಗೆಯೇ ಆಯಿತು. ಮೇಲ್ ಕಳಿಸಿದ ಎರಡನೇ ದಿನ ದೂರು ತಲುಪಿತು ಎಂಬ ಉತ್ತರ. ಮತ್ತೆ ಹನ್ನೆರಡು ದಿನ ಸದ್ದಿಲ್ಲ. ಅದರ ನಡುವೆ ನಮ್ಮ ಕಾಲೇಜ್ ಡೇ ಮುಗಿದುಹೋಯಿತು. ಆ ಕಾರ್ಯಕ್ರಮಕ್ಕೆಂದೇ ಆ್ಯಂಪ್ ತೆಗೆದುಕೊಂಡದ್ದು. ಗಿಟಾರನ್ನು ನೇರವಾಗಿ ಮಿಕ್ಸರಿಗೆ ಹಾಕಿ ನುಡಿಸಿದೆ. ತಗಡಿನ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು, ಅದು ಹೊಗಳಿಕೆಯದ್ದಲ್ಲ. ಅದಕ್ಕೆ ಪರಿಹಾರ ಯಾವ ಆಯೋಗದಲ್ಲೂ ಕೇಳಲು ಮನಸ್ಸಾಗಲಿಲ್ಲ. ಹದಿಮೂರನೇ ದಿನ 1915ಕ್ಕೆ ಮತ್ತೊಮ್ಮೆ ಫೋನ್ ಮಾಡಿದೆ. ಅದಾಗಿ ನಾಲ್ಕು ದಿನಕ್ಕೆ ಕಂಪನಿಯ ತಾಂತ್ರಿಕ ವಿಭಾಗದಿಂದ ಒಬ್ಬರು ಮಾತಾಡಿದರು. ನಾನು ಕಳಿಸಿದ್ದನ್ನು ಅವರು ನಿಜವಾಗಿ ಓದಿದ್ದರು! ಫ್ಯಾನ್ ಇಟ್ಟು ನೋಡುವ ಯೋಚನೆ ಹೇಗೆ ಬಂತು ಎಂದು ಕೇಳಿದರು. ಅರ್ಥಿಂಗ್ ವಿಷಯ ನಾನೇ ಬರೆದದ್ದರಿಂದ ಉಳಿದದ್ದನ್ನೂ ನಂಬಿದೆವು ಎಂದರು. ಬದಲಿ ಆ್ಯಂಪ್ ಕಳಿಸುತ್ತೇವೆ, ಹಳತನ್ನು ಕೊರಿಯರ್‌ನವರು ಬಂದು ಒಯ್ಯುತ್ತಾರೆ ಎಂದರು. ಒಳಗೆ ನಿಜಕ್ಕೂ ಏನು ತಪ್ಪಿತ್ತು, ಹೀಟ್‌ಸಿಂಕ್ ಸರಿಯಾಗಿ ಕೂತಿರಲಿಲ್ಲವೇ ಎಂದು ಕೇಳಿದೆ. ತೆರೆದು ನೋಡಿದ ಮೇಲೆ ತಿಳಿಸುತ್ತೇವೆ ಎಂದರು. ಇವತ್ತಿನವರೆಗೂ ತಿಳಿಸಿಲ್ಲ. ದುಡ್ಡಿಗಿಂತ ಹೆಚ್ಚು ಈ ಒಂದು ಬೇಸರ ಉಳಿದಿದೆ.

ಮೇ ಕೊನೆಯಲ್ಲಿ ಮತ್ತೆ ಪೇಟೆಯಿಂದ ಪೆಟ್ಟಿಗೆ ಹೊತ್ತು ತಂದೆ. ಈ ಸಲ ಮಳೆ. ಪ್ಲಾಸ್ಟಿಕ್ ಶೀಟು ಹೊದೆಸಿದ್ದೆ. ಮೊದಲು ನೋಟ್‌ಬುಕ್, ಗಡಿಯಾರ ತೆಗೆದಿಟ್ಟು ಆಮೇಲೆ ಗಿಟಾರ್ ಹಿಡಿದೆ. ವೇಣೂರಿನ ಹುಡುಗನಿಗೆ ವಿಡಿಯೋ ಕಾಲ್ ಮಾಡಿದೆ, ಅವನೂ ನೋಡಬೇಕು ಎಂದಿದ್ದ. ಇಪ್ಪತ್ತು ನಿಮಿಷ ಆಯಿತು. ಇಪ್ಪತ್ತೆರಡು. ಇಪ್ಪತ್ತೈದು. ಮೂವತ್ತಾಗುವಾಗ ಅಡುಗೆಮನೆಯಿಂದ ಅಮ್ಮನ ದನಿ ಬಂತು, "ಎಂತ, ಇವತ್ತು ನಿಲ್ಲುದಿಲ್ವಾ ಅದು?"

ನಿಲ್ಲಲಿಲ್ಲ. ಕೊನೆಗೆ ಅಮ್ಮನೇ ಬಂದು, ಧಾರಾವಾಹಿಯ ಹೊತ್ತಾಯಿತೆಂದು ನಿಲ್ಲಿಸಿದರು.